ಹೇಳದೆ ಬಿಟ್ಟ ತೂತು

ಉದಗೀರದ ನಮ್ಮ ಬಟ್ಟೆ ಅಂಗಡಿಯ ಎದುರಿನ ಸ್ಟುಡಿಯೊ ಮುಚ್ಚಿದಾಗ ಅಲ್ಲಿದ್ದ ಕಟ್ಟಿಗೆಯ ದೊಡ್ಡ ಕ್ಯಾಮೆರಾ ನನ್ನ ಪಾಲಾಯಿತು. ಆಗ ನನಗೆ ಇಪ್ಪತ್ತೆರಡು, ಈಗ ಅರವತ್ತು ದಾಟಿದೆ. ತಲೆಯ ಮೇಲೆ ಕರಿಬಟ್ಟೆ ಹೊದ್ದು, ಹಿಂದಿನ ಮಸುಕು ಗಾಜಿನಲ್ಲಿ ಲೋಕ ತಲೆಕೆಳಗಾಗಿ ನಿಲ್ಲುವುದನ್ನು ನೋಡುವುದೇ ನನ್ನ ಚಟ. ಒಂದು ಚಿತ್ರಕ್ಕೆ ಅಂಗೈಯಗಲದ ಒಂದು ಹಾಳೆ ಫಿಲ್ಮು. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲೂಕಿನಲ್ಲಿ ಈ ಕೆಲಸ ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆ ಇತ್ತು.

ನಾಲ್ಕು ವರ್ಷದ ಹಿಂದೆ ಉಮರ್ಗಾದ ಒಬ್ಬ ನಿವೃತ್ತ ಶಿಕ್ಷಕಿ ಅಂಥದೇ ಹಳೆಯ ಕ್ಯಾಮೆರಾ ಹೊತ್ತು ಅಂಗಡಿಗೆ ಬಂದರು. "ಕಲಿಸ್ತೀರೇನ್ರೀ?" ಎಂದರು. ಕಲಿಸಿದೆ.

ಗುಂಜೋಟಿಯಲ್ಲಿ ಬೀರಪ್ಪನ ಗುಡಿ ನೋಡಿಕೊಳ್ಳುವ ಕುರಿಗಾರ ಮುದುಕನೊಬ್ಬನಿದ್ದ. ಅವನ ಚಿತ್ರವನ್ನು ನಾನು ಏಳು ಸಲ ತೆಗೆದಿದ್ದೆ. ಏಳು ಸಲವೂ ಅವನು ಫೌಜಿನವನಂತೆ ಎದೆ ಸೆಟೆಸಿ ನಿಂತಿದ್ದ. ಶಿಕ್ಷಕಿ ಒಂದೇ ಸಲಕ್ಕೆ ತೆಗೆದು ತಂದ ಚಿತ್ರದಲ್ಲಿ ಅವನು ಗೋಡೆಗೆ ಒರಗಿದ್ದ. ಕಂಬಳಿ ಜಾರಿದ್ದೂ ಅವನಿಗೆ ಗೊತ್ತಿರಲಿಲ್ಲ.

"ಹೆಂಗ ನಿಂದ್ರಿಸಿದ್ರಿ?" ಎಂದೆ.

"ನಾ ಏನೂ ನಿಂದ್ರಿಸಿಲ್ರೀ. ಎರಡು ತಾಸು ಕುರಿ ಸುದ್ದಿ ಕೇಳಿದೆ, ಅಷ್ಟ."

"ಛಲೋ ಅದ" ಎಂದು ಚಿತ್ರ ಮರಳಿಸಿದೆ. ಅಂದು ರಾತ್ರಿ ನನ್ನ ಏಳೂ ಚಿತ್ರಗಳನ್ನು ಹೊರತೆಗೆದು ಮತ್ತೆ ಮತ್ತೆ ನೋಡಿದೆ.

ಮಳೆಗಾಲದಲ್ಲಿ ಅವರು ಮತ್ತೆ ಬಂದರು. ಪ್ರತಿ ಫಿಲ್ಮಿನ ಮೂಲೆಯಲ್ಲೂ ಬೆಳಕಿನ ಕಲೆ. ಅವರು ಒಳಗೆ ನನ್ನ ಹೆಂಡತಿಯೊಡನೆ ಚಹಾ ಕುಡಿಯುವಾಗ ನಾನು ಕ್ಯಾಮೆರಾದೊಳಗೆ ಟಾರ್ಚ್ ಬಿಟ್ಟೆ. ಲೆನ್ಸಿಗೂ ಹಿಂದಿನ ಗಾಜಿಗೂ ನಡುವಿನ ಮಡಿಕೆ ಮಡಿಕೆಯಾದ ಚರ್ಮದ ಚೀಲದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಚೂರು ಕರಿಪಟ್ಟಿ ಅಂಟಿಸಿದ್ದರೆ ಮುಗಿಯುತ್ತಿತ್ತು. ಟಾರ್ಚ್ ಆರಿಸಿದೆ.

"ಫಿಲ್ಮೇ ಖರಾಬ್ ಇರಬೇಕ್ರೀ. ಬ್ಯಾರೆ ತರಸ್ರಿ."

ಅವರು ನಂಬಿದರು. ಹೊಸ ಫಿಲ್ಮೂ ಹಾಳಾಯಿತು. ಅಷ್ಟರಲ್ಲಿ ನಾನು ಗುಂಜೋಟಿಗೆ ಹೋಗಿ ಮುದುಕನ ಎದುರು ಕುಳಿತೆ. ಕುರಿಯ ಬಗ್ಗೆ ಮೂರನೆಯ ಪ್ರಶ್ನೆ ನನಗೆ ಹೊಳೆಯಲಿಲ್ಲ. "ಸಾವಕಾರ್ರ, ಲಗೂನ ತೆಗೀರಿ, ಕುರಿ ಬಿಡೂ ಹೊತ್ತಾತು" ಎಂದು ಅವನೇ ಎದ್ದು ಎದೆ ಸೆಟೆಸಿದ.

ದೀಪಾವಳಿ ಕಳೆದ ಮೇಲೆ ತೂತಿನ ಮಾತು ಒಳಗೇ ಇಟ್ಟುಕೊಳ್ಳಲಾಗದೆ ಉಮರ್ಗಾದ ಬಸ್ಸು ಹತ್ತಿದೆ. ಶಿಕ್ಷಕಿಯ ಅಂಗಳದಲ್ಲಿ ಕ್ಯಾಮೆರಾ ನಿಂತಿತ್ತು. ಚೀಲಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರು.

"ಟಾರ್ಚ್ ಬಿಟ್ಟು ನೋಡಿದಾಗ ತೂತು ಕಂಡಿತ್ರೀ" ಎಂದರು. "ಆವತ್ತ ನಾ ಚಹಾ ಕುಡದು ಹೊರಗ ಬಂದಾಗ ನಿಮ್ಮ ಕೈಯಾಗೂ ಟಾರ್ಚ್ ಇತ್ತು. ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ರೀ."

"ಮತ್ತ ಯಾಕ ಹೇಳಲಿಲ್ಲ?"

"ಆ ಮುದುಕನ ಫೋಟೊ ನೋಡಿ ಹೊಟ್ಟಿ ಉರೀತು."

ನಾನು ಹೊರಡಲು ಎದ್ದೆ. "ಕೂಡ್ರಿ ಅಲ್ಲೇ" ಎಂದು ಅವರು ಕರಿಬಟ್ಟೆಯೊಳಗೆ ಹೋದರು. "ಏನೂ ಮಾಡಬ್ಯಾಡ್ರಿ. ಸುಮ್ಮ ಇರ್ರಿ."

ವಾರದ ನಂತರ ಅಂಚೆಯಲ್ಲಿ ನನ್ನ ಚಿತ್ರ ಬಂತು. ಮೊಣಕಾಲ ನಡುವೆ ಕೈ ಸಿಕ್ಕಿಸಿಕೊಂಡು ಕುಳಿತಿದ್ದೆ. "ಇದರಾಗ ನೀವು ಇದ್ದಂಗ ಬಂದೀರಿ" ಎಂದಳು ಹೆಂಡತಿ. ನಾನು ಮುಖ ನೋಡಲೇ ಇಲ್ಲ. ಗದ್ದದ ಕೆಳಗಿನ ಆ ಮೆದು ನೆರಳನ್ನು ಅವರು ಹೇಗೆ ಹಿಡಿದರು ಎಂದು ಮತ್ತೆ ಒಳಗೆಲ್ಲ ಉರಿಯಿತು. ಮರುದಿನ ಅಂಗಡಿ ಹೆಂಡತಿಗೆ ಒಪ್ಪಿಸಿ ಉಮರ್ಗಾಕ್ಕೆ ಹೋದೆ, ಕೇಳಿ ಕಲಿಯಲು.