ಅಲುಗದ ಚಿತ್ರಕ್ಕೆ ಅಷ್ಟು ಜಾಗವೇಕೆ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ತಟ್ಟೆಯಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ, ಎರಡು ಮೇಜು ಹಿಡಿಸುವಷ್ಟೇ ಅಗಲದ ಕೋಣೆ ಅವಳದು. ಜನ ತಂದುಕೊಡುವ ಬ್ಲೂ-ರೇ ವಿಡಿಯೊ ತಟ್ಟೆಗಳನ್ನು ಫೋನಿನಲ್ಲೂ ನೋಡಬಹುದಾದ ಸಣ್ಣ ಫೈಲುಗಳಾಗಿ ಮಾಡಿಕೊಡುವುದು ಕಸುಬು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿದವಳು. ಯಾವ ಹೆಣ್ಣು ನಿಜವಾಗಿ ಅಳುತ್ತಿದ್ದಾಳೆ, ಯಾವಳು ಕ್ಯಾಮೆರಾಕ್ಕಾಗಿ ಅಳುತ್ತಿದ್ದಾಳೆ ಎಂದು ಅರೆಗಳಿಗೆಯಲ್ಲಿ ಹೇಳುತ್ತಿದ್ದಳು. ಈ ಕಣ್ಣಿಗೆ ಗಂಡನೂ ಸ್ವಲ್ಪ ಹೆದರುತ್ತಿದ್ದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಸಂಗೀತ ಶಾಲೆಯವರು ಹತ್ತು ತಟ್ಟೆ ಕೊಟ್ಟುಹೋಗಿದ್ದರು. ಹತ್ತು ವರ್ಷಗಳ ವಾರ್ಷಿಕ ಕಛೇರಿಗಳು. ಎಲ್ಲವನ್ನೂ ತೆಗೆದವನು ಅವಳ ಮೈದುನನೇ, ಸಭಾಂಗಣದ ಬಾಲ್ಕನಿಯ ನಟ್ಟನಡುವೆ ಕ್ಯಾಮೆರಾ ನಿಲ್ಲಿಸಿ. ಮೊದಲ ಏಳು ತಟ್ಟೆಗಳು ಸಲೀಸಾಗಿ ಮುಗಿದವು. ಎಂಟನೆಯದು ತೆವಳತೊಡಗಿತು. ಎರಡು ಗಂಟೆಯ ಕೆಲಸ ಬೆಳಗಿನಿಂದ ಸಂಜೆಯಾದರೂ ಮುಗಿಯಲಿಲ್ಲ. ಮುಗಿದಾಗ ಬಂದ ಫೈಲು ಹಳೆಯವುಗಳ ನಾಲ್ಕರಷ್ಟಿತ್ತು. ಒಂಬತ್ತನೆಯದು ಅದನ್ನೂ ಮೀರಿಸಿತು. ಹತ್ತನೆಯದು ಆಮೆಗೆ ಅಣ್ಣ.

ಅವಳು ಕಂಪ್ಯೂಟರನ್ನು ಬೈದಳು. ಪೆಟ್ಟಿಗೆ ಬಿಚ್ಚಿ ಫ್ಯಾನಿನ ಧೂಳು ಊದಿದಳು. ಶಾಖ ಇಳಿಯಿತು, ವೇಗ ಏರಲಿಲ್ಲ. ಜೊತೆಗಿದ್ದ ದೊಡ್ಡ ಧ್ವನಿ ಟ್ರ್ಯಾಕನ್ನು ತೆಗೆದು ಸಣ್ಣದು ಹಾಕಿದಳು. ಫೈಲು ಒಂದಿಷ್ಟು ಕರಗಿತು, ಆನೆಯ ಮೈಯಿಂದ ಕೂದಲೊಂದು ಉದುರಿದಷ್ಟು. ಗುಣಮಟ್ಟದ ಅಂಕಿಯನ್ನು ಇಳಿಸಿ ನೋಡಿದಳು, ಚಿತ್ರವೇ ಮಸುಕಾಯಿತು, ಮತ್ತೆ ಮೊದಲಿನಂತೆ ಇಟ್ಟಳು. ಕೊನೆಗೆ ಅದೇ ಸೆಟ್ಟಿಂಗಿನಲ್ಲಿ ಮೂರನೆಯ ವರ್ಷದ ತಟ್ಟೆಯನ್ನೇ ಮತ್ತೆ ಹಾಕಿದಳು. ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿದುಹೋಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂದು ಆಗ ಹೊಳೆಯಿತು. ತಪ್ಪು ಕಂಪ್ಯೂಟರಿನದಲ್ಲ, ಚಿತ್ರದ್ದು.

ಈ ಕೆಲಸದ ಗುಟ್ಟು ಇಷ್ಟೆ: ಬದಲಾಗದ್ದನ್ನು ಕಂಪ್ಯೂಟರ್ ಮತ್ತೆ ಮತ್ತೆ ಬರೆದಿಡುವುದಿಲ್ಲ. ಗೋಡೆ ಗೋಡೆಯಾಗಿಯೇ ಇದ್ದರೆ ಅದಕ್ಕೆ ಹೆಚ್ಚು ಜಾಗ ಬೇಡ. ಅವಳು ಹತ್ತನೆಯ ತಟ್ಟೆಯಲ್ಲಿ, ಕಛೇರಿ ಇನ್ನೂ ಶುರುವಾಗದ, ಖಾಲಿ ವೇದಿಕೆಯ ಐದು ನಿಮಿಷವನ್ನಷ್ಟೇ ಆರಿಸಿ ಹಾಕಿದಳು. ಯಾರೂ ಇಲ್ಲ, ಏನೂ ಅಲುಗುತ್ತಿಲ್ಲ. ಆದರೂ ಅದು ಅಗಾಧ ಜಾಗ ನುಂಗಿತು. ಚಿತ್ರವನ್ನು ಹಿಗ್ಗಿಸಿ ಪರದೆಗೆ ಮೂಗು ತಾಗಿಸಿ ನೋಡಿದಳು. ವೇದಿಕೆಯ ತೆರೆಯ ಅಂಚು, ಕುರ್ಚಿಗಳು, ಗೋಡೆ, ಎಲ್ಲವೂ ಕೂದಲೆಳೆಯಷ್ಟು ನಡುಗುತ್ತಿದ್ದವು. ಬಾಲ್ಕನಿಗೆ ಜನ ಬಂದು ಕೂರುತ್ತಿದ್ದ ಹೊತ್ತದು. ಒಬ್ಬೊಬ್ಬರು ಕೂತಾಗಲೂ ನಡುಕ ಎದ್ದು, ತಣಿಯಲು ತಡಮಾಡುತ್ತಿತ್ತು.

ಮೈದುನನನ್ನು ಕರೆಸಿದಳು. "ಕ್ಯಾಮೆರಾ ಸ್ಟ್ಯಾಂಡ್ ಸಡಿಲ ಇತ್ತೇನೋ?"

"ಅತ್ತಿಗೆ, ಅದೇ ಸ್ಟ್ಯಾಂಡಲ್ಲಿ ಹೋದ ವಾರ ಇನ್ನೊಂದು ಕಡೆ ತೆಗೆದಿದ್ದೀನಿ. ಕಲ್ಲು ನಿಂತಂಗೆ ನಿಂತಿತ್ತು."

ಊಟದ ಬುತ್ತಿ ತಂದ ಗಂಡ ಇದನ್ನೆಲ್ಲ ಕೇಳಿಸಿಕೊಂಡ. "ಎಂಜಿನ್ ನಡುಗಿದ್ರೆ ಎಂಜಿನ್ ಒಂದನ್ನೇ ನೋಡ್ಬಾರ್ದು," ಎಂದ. "ಅದನ್ನ ಕೂರಿಸಿರೋ ಜಾಗ ನೋಡ್ಬೇಕು."

ಅವಳು ಹತ್ತೂ ವರ್ಷಗಳ ಮೊದಲ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟಳು. ಚಿತ್ರದ ಕೆಳಗೆ ಬಾಲ್ಕನಿಯ ಕಟಕಟೆಯ ಕಂಬಿ ಕಾಣುತ್ತಿತ್ತು. ಏಳು ವರ್ಷ ಅದು ನೇರ. ಎಂಟರಲ್ಲಿ ನಡುಭಾಗ ಒಂದಿಷ್ಟು ಕೆಳಗೆ. ಒಂಬತ್ತರಲ್ಲಿ ಇನ್ನಷ್ಟು. ಹತ್ತರಲ್ಲಿ ಅಳತೆಪಟ್ಟಿಯೇ ಬೇಕಿರಲಿಲ್ಲ. ಈ ವರ್ಷದ ಕಛೇರಿ ಭಾನುವಾರ. ಅಂದು ಗುರುವಾರ.

ಚಿತ್ರಗಳನ್ನು ಮುದ್ರಿಸಿಕೊಂಡು ಶಾಲೆಗೆ ಹೋದಳು. ಪ್ರಾಂಶುಪಾಲೆ ಕನ್ನಡಕ ಏರಿಸಿ ನೋಡಿ, ಕೆಳಗಿಟ್ಟರು.

"ನೀವು ವಿಡಿಯೊ ಮಾಡೋರು. ಕಟ್ಟಡದ ವಿಷಯ ನಿಮಗ್ಯಾಕೆ?"

"ಕಟ್ಟಡ ನನಗೆ ಗೊತ್ತಿಲ್ಲ ಮೇಡಂ. ಅಲುಗೋದು ಗೊತ್ತು."

"ಅಲುಗಾಟ ತೆಗೆಯೋ ಸೌಲಭ್ಯ ನಿಮ್ಮ ಕಂಪ್ಯೂಟರಲ್ಲೇ ಇರುತ್ತಂತಲ್ಲ. ತೆಗೆದು ಸಣ್ಣ ಮಾಡಿಕೊಡಿ. ಟಿಕೆಟೆಲ್ಲ ಹಂಚಿಯಾಗಿದೆ."

ಸೌಲಭ್ಯ ಇದ್ದದ್ದು ನಿಜ. ಒಂದು ಗುಂಡಿ ಒತ್ತಿದರೆ ನಡುಕ ಮಾಯವಾಗಿ, ಫೈಲು ಅರ್ಧಕ್ಕಿಳಿಯುತ್ತಿತ್ತು. ಅವಳು ಚಿತ್ರಗಳನ್ನು ಎತ್ತಿಕೊಂಡು ಹೊರಗೆ ಬಂದಳು.

ಸಭಾಂಗಣದ ಬಾಗಿಲಲ್ಲಿ ಮುದುಕ ಕಾವಲುಗಾರ ನಿಂತಿದ್ದ. ಅವನು ಚಿತ್ರಗಳನ್ನು ಕೇಳಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅವಳನ್ನು ಬಾಲ್ಕನಿಯ ಕೆಳಗಿದ್ದ ಸಣ್ಣ ಬಾಗಿಲ ಹತ್ತಿರ ಕರೆದೊಯ್ದ.

"ಇದು ಮುಚ್ಚಕ್ಕೆ ಬರ್ತಿರಲಿಲ್ಲ. ಮರ ಉಬ್ಬಿದೆ ಅಂದ್ಕೊಂಡು ಮೂರು ವರ್ಷದಲ್ಲಿ ಮೂರು ಸಲ ಮೇಲಿನ ಅಂಚು ಹೆರೆದೆ," ಎಂದ. "ಉಬ್ಬಿದ್ದು ಮರ ಅಲ್ಲ, ಅಲ್ವಾ?"

"ಅಲ್ಲ. ಮೇಲಿಂದ ಬಾಲ್ಕನಿ ಕೆಳಗೆ ಇಳೀತಿದೆ," ಎಂದಳು.

ಭಾನುವಾರ ಬಾಲ್ಕನಿಗೆ ಬೀಗ ಬಿದ್ದಿತ್ತು. ಬೀಗದ ಕೈ ಎಲ್ಲೋ ಕಳೆದಿದೆ ಎಂದ ಕಾವಲುಗಾರ. ಬಾಲ್ಕನಿಯ ಕೆಳಗಿನ ಆರು ಸಾಲು ಕುರ್ಚಿಗಳಿಗೂ ಹಗ್ಗ ಕಟ್ಟಿ, ಬಣ್ಣ ಹಸಿಯಾಗಿದೆ ಎಂದು ಬರೆದು ತೂಗುಹಾಕಿದ್ದ. ಅಪ್ಪ ಅಮ್ಮಂದಿರು ಗೊಣಗುತ್ತ ಗೋಡೆಗೊರಗಿ ನಿಂತರು. ಪ್ರಾಂಶುಪಾಲೆ ವೇದಿಕೆಯ ಮೇಲಿಂದ ಕಾವಲುಗಾರನನ್ನು ಕಣ್ಣಲ್ಲೇ ಸುಡುತ್ತಿದ್ದರು. ತಟ್ಟೆಯಕ್ಕ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಹಾಡೂ ಅವಳ ಕಿವಿಗೆ ಬೀಳಲಿಲ್ಲ.

ಕೊನೆಯ ಹಾಡಿಗೆ ಜನ ಕಾಲು ಕುಟ್ಟಿ ಚಪ್ಪಾಳೆ ತಟ್ಟಿದರು. ಬಾಲ್ಕನಿಯ ಅಡಿಯಿಂದ ಸುಣ್ಣದ ಪುಡಿ ಒಂದು ದಾರದಂತೆ ಇಳಿಯಿತು. ಸದ್ದಿಲ್ಲದೆ ಖಾಲಿ ಕುರ್ಚಿಯೊಂದರ ಮೇಲೆ ಬೀಳುತ್ತಲೇ ಇತ್ತು. ಚಪ್ಪಾಳೆ ನಿಂತ ಮೇಲೂ ಅದು ನಿಲ್ಲಲಿಲ್ಲ. ಅವಳು ತಲೆಯೆತ್ತಿದಾಗ ಪ್ರಾಂಶುಪಾಲೆಯೂ ಅದನ್ನೇ ನೋಡುತ್ತಿದ್ದರು.

ಸೋಮವಾರ ಎಂಜಿನಿಯರ್ ಬಂದ. ಹಲಗೆ ಕಿತ್ತು, ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದ. ಅದು ಹಿಡಿಯವರೆಗೂ ಒಳಗೆ ಹೋಯಿತು, ಹಿಟ್ಟಿನಲ್ಲಿ ಹೋದಂತೆ.

"ಹೋದ ವರ್ಷ ಮೇಲೆ ಎಷ್ಟು ಜನ ಇದ್ರು?"

"ನೂರ ಎಂಬತ್ತು," ಎಂದ ಕಾವಲುಗಾರ.

ಎಂಜಿನಿಯರ್ ಏಣಿಯಿಂದ ಒಂದೊಂದೇ ಮೆಟ್ಟಿಲು ತಡವುತ್ತ ಇಳಿದು ಬಂದ.

ತಿಂಗಳೊಳಗೆ ಬಾಲ್ಕನಿಯನ್ನು ಕೆಡವಿದರು. ಪ್ರಾಂಶುಪಾಲೆ ಅಂಗಡಿಯತ್ತ ಮತ್ತೆ ಮುಖ ಹಾಕಲಿಲ್ಲ. ಫೈಲುಗಳನ್ನು ಒಯ್ಯಲು ಕಾವಲುಗಾರನನ್ನೇ ಕಳಿಸಿದರು. ತಟ್ಟೆಯಕ್ಕ ಕೊನೆಯ ಮೂರನ್ನು ಇದ್ದಷ್ಟೇ ದೊಡ್ಡದಾಗಿ ಇಟ್ಟಿದ್ದಳು.

"ಅಲುಗಾಟ ತೆಗೆದಿಲ್ಲ ಅಂತ ಹೇಳಿ," ಎಂದಳು.

"ಅದನ್ನ ಹೇಳೋದು ಬೇಡ, ನೋಡ್ತಾರೆ," ಎಂದ ಅವನು. ಹೊರಡಲು ಎದ್ದವನು ಹಾಗೇ ನಿಂತ. "ಆ ಬಾಲ್ಕನಿ ಕಟ್ಟಿದ ಮೇಸ್ತ್ರಿ ಅದೇ ವರ್ಷ, ಅದೇ ಮರದಲ್ಲಿ ಇನ್ನೂ ಎರಡು ಕಡೆ ಬಾಲ್ಕನಿ ಕಟ್ಟಿದಾನೆ. ನಾನೇ ಮರ ಇಳಿಸಿದ್ದೆ."

"ಎಲ್ಲೆಲ್ಲಿ?"

ಅವನು ಹೇಳಿದ. ಎರಡನೆಯದರ ಹೆಸರು ಕೇಳಿ, ಅಂಗಡಿಯಲ್ಲೇ ಕೂತಿದ್ದ ಮೈದುನ ಕೈಗಡಿಯಾರ ನೋಡಿಕೊಂಡ. ಅಲ್ಲಿ ಆ ಮಧ್ಯಾಹ್ನವೇ ಯಾರದೋ ಬೀಳ್ಕೊಡುಗೆ ಸಮಾರಂಭವಿತ್ತು. ಕ್ಯಾಮೆರಾ ಹಿಡಿಯಲು ಅವನಿಗೇ ಕರೆ ಬಂದಿತ್ತು. ತಟ್ಟೆಯಕ್ಕ ಮುದ್ರಿಸಿದ ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಬಾಗಿಲು ಎಳೆದು, ಬೀಗ ಹಾಕುವುದಕ್ಕೂ ನಿಲ್ಲದೆ ಇಬ್ಬರ ಮುಂದೆ ನಡೆದಳು.