ಒಂಬತ್ತನೇ ಫೋನು

ಮೇಡಂ ಬಲಗೈ ಮಣಿಕಟ್ಟಿಗೆ ಸದಾ ಒಂದು ಎಲಾಸ್ಟಿಕ್ ಪಟ್ಟಿ. ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿ ಬಂದ ನೋವು. ಪಟ್ಟಿಯ ಅಂಚಿಗೆ ಹುಳಿಯ ಅರಿಶಿನ ಹತ್ತಿರುತ್ತಿತ್ತು. ಟಿ. ನಗರದಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದ ಮಾಧ್ವರ ಮನೆಯವರು, ಕನ್ನಡದಲ್ಲಿ ಅರ್ಧ ತಮಿಳು. ಹಾಸನದಿಂದ ಅವರ ಕೈಕೆಳಗೆ ಕೆಲಸಕ್ಕೆ ಹೋದ ನನಗೆ ಮೊದಲ ತಿಂಗಳು ಅವರು ಬೈದರೋ ಹೊಗಳಿದರೋ ತಿಳಿಯುತ್ತಿರಲಿಲ್ಲ. ಬಹುಪಾಲು ಬೈದೇ ಇರುತ್ತಿದ್ದರು.

ನಮ್ಮದು ಸುಸ್ತಿನ ಕೆಲಸ. ಕಂಪನಿಯ ಒಂಬತ್ತು ತಂಡಗಳೂ ಬಳಸುವ ಕೋಡನ್ನು ಪ್ಯಾಕೇಜು ಮಾಡಿ ಎಲ್ಲರೂ ಇಳಿಸಿಕೊಳ್ಳಲು ಕಂಪನಿಯದೇ ಸರ್ವರ್ ಉಗ್ರಾಣದಲ್ಲಿಡುವುದು, ಅದು ಎಲ್ಲಿ ಕೆಟ್ಟರೂ ಹುಡುಕುವುದು. ನಡೆದರೆ ನಮ್ಮ ನೆನಪು ಯಾರಿಗೂ ಇಲ್ಲ. ಕೆಟ್ಟರೆ ಎಲ್ಲರಿಗೂ ನಾವೇ ಬೇಕು. ಯಾರು ಓಡಿ ಬಂದರೂ ಮೇಡಂ ಮೊದಲು ಕೋಡ್ ನೋಡುತ್ತಿರಲಿಲ್ಲ. "ನಿನ್ನ ಮಷೀನ್‌ನಲ್ಲಿ ಎಷ್ಟನೇ ನಂಬರ್ ಪ್ಯಾಕೇಜ್ ಇದೆ? ಓದಿ ಹೇಳು ಪಾ" ಎನ್ನುವರು. ಕೋಡಿನ ಒಂದಕ್ಷರ ಬದಲಾದರೂ ಪ್ಯಾಕೇಜಿನ ನಂಬರು ಬದಲಾಗಲೇಬೇಕು, ಯಾರ ಹತ್ತಿರ ಯಾವುದಿದೆಯೆಂದು ತಿಳಿಯುವುದು ಅದರಿಂದಲೇ. ಅದು ಅವರ ಮಡಿ.

ಆ ಮಡಿಯನ್ನು ಕೆಡಿಸಿದವನು ನಾನು. ಇನ್ನೂ ಪ್ರೊಬೇಷನ್‌ನಲ್ಲಿದ್ದೆ. ಒಂದು ಶುಕ್ರವಾರ ಸಂಜೆ, ಆಗಷ್ಟೇ ಇಟ್ಟ ಪ್ಯಾಕೇಜಿನಲ್ಲಿ ಸಣ್ಣ ತಪ್ಪು ಕಂಡಿತು. ಇನ್ನೂ ಯಾರೂ ಇಳಿಸಿಕೊಂಡಿರಲಾರರು ಎಂದು ತಿದ್ದಿ, ಅದೇ ನಂಬರಿನಲ್ಲೇ ಮತ್ತೆ ಇಟ್ಟೆ. ಸೋಮವಾರ ಕೆಲವರಲ್ಲಿ ಹಳೆಯದು, ಕೆಲವರಲ್ಲಿ ಹೊಸದು; ಒಬ್ಬರಲ್ಲಿ ನಡೆದದ್ದು ಇನ್ನೊಬ್ಬರಲ್ಲಿ ಕೆಡುತ್ತಿತ್ತು. ನಂಬರ್ ಕೇಳಿದರೆ ಎಲ್ಲರದೂ ಒಂದೇ. ಮೇಡಂ ಮೂರು ದಿನ ಹುಡುಕಿದರು. ನನಗೆ ಹೊಳೆದದ್ದು ಮೊದಲ ದಿನವೇ, ಬಾಯಿ ಬಿಟ್ಟದ್ದು ಮೂರನೇ ದಿನ. ಕೆಲಸ ಹೋದೀತೆಂಬ ಭಯ.

"ಅಯ್ಯೋ ರಾಮಾ, ಮೂರು ದಿನ ಸುಮ್ಮಾ ಕೂತಿದ್ಯಾ?" ಎಂದರು. ಮಣಿಕಟ್ಟಿನ ಪಟ್ಟಿ ಸರಿಮಾಡಿಕೊಂಡು, "ಸೆರಿ, ಒಂಬತ್ತು ಟೀಮ್‌ಗೂ ನೀನೇ ಫೋನ್ ಮಾಡು. ತಪ್ಪು ನಂದು ಅಂತ ಹೇಳ್ಬಿಡು. ಮ್ಯಾನೇಜರ್‌ನ ನಾನ್ ನೋಡ್ಕೋತೀನಿ."

ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಎಂಟು ಕಡೆ ಹೇಳಿದೆ, ಎಂಟು ಕಡೆಯೂ ಉಗಿಸಿಕೊಂಡೆ. ಒಂಬತ್ತನೆಯದರ ಹೊತ್ತಿಗೆ ಸಾಕಾಗಿಹೋಗಿತ್ತು. "ಏನೋ ಟೆಕ್ನಿಕಲ್ ತೊಂದರೆ ಆಗಿತ್ತು ಸರ್, ಹೊಸ ನಂಬರ್ ಇಳಿಸಿಕೊಳ್ಳಿ" ಎಂದು ಫೋನ್ ಇಟ್ಟುಬಿಟ್ಟೆ.

"ಆಯ್ತಾ ಪಾ?"

"ಆಯ್ತು ಮೇಡಂ."

"ಸೆರಿ, ಹೋಗಿ ಊಟ ಮಾಡು."

ಅವರ ಕಣ್ಣು ಸ್ಕ್ರೀನಿನ ಮೇಲಿತ್ತು, ನಾನು ಹೇಳಿದ್ದು ಕೇಳಿಸಲಿಲ್ಲವೆಂದೇ ನಂಬಿದೆ. "ಎಲ್ಲರ ಹತ್ತಿರವೂ ಅವನೇ ಒಪ್ಪಿಕೊಂಡಿದ್ದಾನೆ" ಎಂದು ಅವರು ಮ್ಯಾನೇಜರಿಗೆ ಹೇಳಿದ್ದರಿಂದ ನನ್ನ ಕೆಲಸ ಉಳಿಯಿತು.

ಮೂರು ವರ್ಷದ ಮೇಲೆ ಹೃದಯಾಘಾತವಾಗಿ ಮೇಡಂ ಹೋಗಿಬಿಟ್ಟರು. ಬೆಸೆಂಟ್ ನಗರದ ಚಿತಾಗಾರದ ಹೊರಗೆ ಬಿಸಿಲಲ್ಲಿ ನಿಂತಿದ್ದಾಗ ಆ ಒಂಬತ್ತನೇ ತಂಡದ ಮುಖ್ಯಸ್ಥರು ಹತ್ತಿರ ಬಂದು ತಮಿಳಿನಲ್ಲಿ ಹೇಳಿದರು: "ಅವತ್ತು ನೀವು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಮೇಡಂ ನನಗೆ ಫೋನ್ ಮಾಡಿದ್ದರು. ಹುಡುಗನಿಗೆ ಸುಸ್ತಾಗಿದೆ, ಒಂದು ಮಾತು ಬಿಟ್ಟುಹೋಗಿದೆ, ತಪ್ಪು ನಮ್ಮದೇ ಅಂದರು."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ವರ್ಷ ಪಕ್ಕದಲ್ಲೇ ಕೂತು, ದಿನಕ್ಕೊಂದು ಕಾರಣ ಹುಡುಕಿ ಬೈದವರು, ಇದೊಂದಕ್ಕೆ ಮಾತ್ರ ನನ್ನನ್ನು ಬೈಯಲೇ ಇಲ್ಲ.