ಎಣ್ಣೆ ಕುಡಿದ ನಾರು

ಹೋದ ತಿಂಗಳು ಒಂದು ಬೆಳಗ್ಗೆ ನನ್ನ ಮೊಮ್ಮಗನ ತೊಟ್ಟಿಲಿಗೆ ಒಂದು ಚಿಟಿಕೆ ಮಣ್ಣು ಉದುರಿತು.

ಬರೀ ಒಂದು ಚಿಟಿಕೆ. ಮಗಳು ಸೆರಗಿನಿಂದ ಒರೆಸಿ ಸುಮ್ಮನಾದಳು. ನಾನು ಮಾತ್ರ ಕೂತಲ್ಲಿಂದ ದಡಕ್ಕನೆ ಎದ್ದೆ. ಯಾಕೆ ಅಂತೀರಾ?

ಚೊಚ್ಚಲ ಹೆರಿಗೆಗೆ ಮಗಳು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ, ನಮ್ಮ ಮನೆಗೆ ಬರುವವಳಿದ್ದಳು. ಇರುವುದು ಒಂದೇ ನಡುಮನೆ. ಬಾಣಂತಿಗೆ ಮರೆ ಬೇಡವೇ? ಅಡ್ಡಲಾಗಿ ಒಂದು ಮಣ್ಣಿನ ಗೋಡೆ ಹಾಕಿಸೋಣ ಅಂತ ಹಳೇಕೋಟೆಯ ನಿಂಗಮ್ಮನನ್ನು ಕರೆಸಿದೆ. ಗೋಡೆ ಕೆಲಸದಲ್ಲಿ ಪಳಗಿದ ಕೈ ಆಕೆಯದು. ಮಣ್ಣು ಬಿರಿಯದಿರಲಿ ಅಂತ ತೆಂಗಿನ ನಾರು ಬೆರೆಸಿ ತುಳಿಯುತ್ತಾಳೆ.

ನನಗೋ ಗೆದ್ದಲಿನ ಭಯ. (ಹೋದ ವರ್ಷ ಬಾಗಿಲಿನ ಚೌಕಟ್ಟನ್ನೇ ತಿಂದು ಮುಗಿಸಿದ್ದವು.) ನಾರಿಗೆ ಹೊಂಗೆ ಎಣ್ಣೆ ಸವರಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ, ನಾರೂ ಗಟ್ಟಿಯಾಗುತ್ತದೆ ಅಂತ ತಲೆಗೆ ಹೊಳೆಯಿತು. ನಿಂಗಮ್ಮ ಉಣ್ಣಲು ಹೋದಾಗ ನಾನೇ ಕೂತು ಅಷ್ಟೂ ನಾರಿಗೆ ಎಣ್ಣೆ ಉಜ್ಜಿದೆ.

ಬಂದವಳು ಮೂಸಿ ನೋಡಿದಳು. "ಇದೇನ್ ಸಾ ಇಂಗ್ ಮಾಡ್ಬುಟ್ರಿ? ಎಣ್ಣೆ ಕುಡುದ್ ನಾರ್ನ ಮಣ್ಣು ಇಡ್ಕಳಾಕಿಲ್ಲ ಕಣ್ ಸಾ. ಬ್ಯಾರೆ ನಾರು ತರ್ಸಿ."

"ಇದೆಲ್ಲ ಸೈನ್ಸು, ನಿನಗೆ ತಿಳಿಯೋಲ್ಲ. ನೀನು ಮೆತ್ತು," ಅಂದೆ. (ನನ್ನ ಸೈನ್ಸು ಹೈಸ್ಕೂಲಿಗೇ ಮುಗಿದಿತ್ತು.)

ಗೋಡೆ ಎದ್ದಿತು. ಮಲೇರಿಯಾ ಇಲಾಖೆಯವರು ಬಂದು ಸೊಳ್ಳೆಗೆ ಅಂತ ಅದಕ್ಕೂ ಡಿ.ಡಿ.ಟಿ. ಹೊಡೆದು ಹೋದರು. ಕಂಡವರಿಗೆಲ್ಲ ನಾನು ಗೋಡೆ ತೋರಿಸಿದ್ದೇ ತೋರಿಸಿದ್ದು. ಮಗು ಹುಟ್ಟಿತು, ಆ ಗೋಡೆಯ ಪಕ್ಕದಲ್ಲೇ ತೊಟ್ಟಿಲು ಕಟ್ಟಿದರು. ಆಮೇಲೆ ಆ ಚಿಟಿಕೆ ಮಣ್ಣು.

ಕತ್ತೆತ್ತಿ ನೋಡಿದರೆ ಸೂರಿನಿಂದ ಮೊಣಕಾಲೆತ್ತರದವರೆಗೆ ಬಿರುಕು. "ತೊಟ್ಟಿಲು ಆ ಕಡೆ ಕಟ್ಟಿ, ಇಲ್ಲಿ ಗಾಳಿ ಬೀಸುತ್ತೆ," ಅಂದೆ.

"ಕಿಟಕೀನೇ ಇಲ್ಲ, ಯಾವ ಗಾಳಿ?" ಅಂದಳು ನನ್ನ ಹೆಂಡತಿ. ಆದರೂ ಕಟ್ಟಿದಳು, ಪುಣ್ಯ!

ನಿಂಗಮ್ಮನಿಗೆ ಹೇಳಿಕಳಿಸಿದೆ. ಆಕೆ ಬರುವವರೆಗೆ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಬಿದ್ದರೆ ಮೊದಲು ನನ್ನ ಮೇಲೆ ಬೀಳಲಿ ಅಂತ.

ಆಕೆ ಬಿರುಕಿಗೆ ಬೆರಳು ಹಾಕಿ ಒಂದೆಳೆ ನಾರು ಎಳೆದಳು. ಸಲೀಸಾಗಿ ಬಂತು. ಒಂದು ಕಾಳು ಮಣ್ಣೂ ಅಂಟಿರಲಿಲ್ಲ. ನನ್ನ ಕೈಗಿಟ್ಟು, "ಜಗ್ಗಿ ಸಾ," ಅಂದಳು. ಜಗ್ಗಿದೆ. ಹರಿಯಲಿಲ್ಲ.

"ನಾರು ಗಟ್ಯಾಗೇ ಐತೆ. ಗ್ವಾಡೆಗೇ ಅದ್ರ ಇಡ್ತ ಸಿಕ್ಕಿಲ್ಲ."

ಎಲ್ಲರನ್ನೂ ಆಚೆ ಕಳಿಸಿ ಆಕೆ ಭುಜ ಕೊಟ್ಟು ಒಮ್ಮೆ ನೂಕಿದಳು. ತೊಟ್ಟಿಲು ಮೊದಲಿದ್ದ ಕಡೆಗೇ ಗೋಡೆ ಧೊಪ್ಪನೆ ಬಿತ್ತು. ಅಯ್ಯೋ ದೇವರೇ! ನನ್ನ ಎಣ್ಣೆಯ ಕಥೆಯನ್ನು ಹೆಂಡತಿ, ಮಗಳ ಮುಂದೆ ಅಲ್ಲೇ ಒಪ್ಪಿಕೊಂಡೆ. ಹೆಂಡತಿ ಮಂಕರಿ ತಂದು ಮಣ್ಣು ತುಂಬತೊಡಗಿದಳು, ಮಗಳು ತೊಟ್ಟಿಲಿನ ಧೂಳು ಕೊಡವಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಒಣ ನಾರಿನ ಹೊಸ ಗೋಡೆ ಎದ್ದಿದೆ. ನಿನ್ನೆ ಮಗಳು ಮಗುವನ್ನೆತ್ತಿಕೊಂಡು ಅದರ ಮುಂದೆ ನಿಂತು, "ತೊಟ್ಟಿಲು ಇಲ್ಲಿ ಕಟ್ಟಬಹುದಾ?" ಅಂತ ಕೇಳಿದಳು.

ನನ್ನನ್ನಲ್ಲ, ನಿಂಗಮ್ಮನನ್ನು.